ಬೊಗಸೆಯ ಮೀನು

ವೈವಸ್ವತ ಮನುವು ಒಂದು ಮುಂಜಾನೆ ಕೈತೊಳೆಯುತ್ತಿರಲು ಅವನ ಬೊಗಸೆಯ ನೀರಿನೊಳಗೆ ಒಂದು ಮರಿಮೀನು ಬಂದು ಸೇರಿತೆಂದು ಶತಪಥ ಬ್ರಾಹ್ಮಣವು ಹೇಳುತ್ತದೆ. ದೊಡ್ಡ ಮೀನುಗಳು ತನ್ನನ್ನು ನುಂಗಿಬಿಡುವುವೆಂದೂ, ಈಗ ಕಾಪಾಡಿದರೆ ಮುಂದೆ ತಾನು ಮನುವನ್ನು ಕಾಪಾಡುವೆನೆಂದೂ ಅದು ಬೇಡಿಕೊಂಡಿತು. ಮನುವು ಅದನ್ನು ಮೊದಲು ಗಡಿಗೆಯಲ್ಲಿಯೂ ಬಳಿಕ ಹೊಂಡದಲ್ಲಿಯೂ ಸಾಕಿ, ಬೆಳೆದಮೇಲೆ ಸಮುದ್ರಕ್ಕೆ ಬಿಟ್ಟನು. ಪ್ರಳಯ ಬಂದಾಗ ಅದೇ ಮೀನು ಅವನ ದೋಣಿಯನ್ನು ಸೆಳೆದುಕೊಂಡು ಹೋಗಿ ದಡ ಮುಟ್ಟಿಸಿತು. ಈ ಕಥೆಯನ್ನು ಕೇಳಿ ಬೆಳೆದವರಿಗೆ ಮನುಷ್ಯನಿಗೂ ಮೀನಿಗೂ ನಡುವೆ ಯಾವುದೋ ಹಳೆಯ ಋಣವುಂಟೆಂದು ಮನಸ್ಸಿನ ಮೂಲೆಯಲ್ಲಿ ತೋರುತ್ತಲೇ ಇರುವುದು. ಆ ಋಣವನ್ನು ಮರೆತು, ಮರಿಮೀನುಗಳ ನಡುವೆ ದೊಡ್ಡ ಮೀನನ್ನು ಮನುಷ್ಯನೇ ತಂದು ಬಿಟ್ಟರೆ ಏನಾಗುವುದೆಂಬುದಕ್ಕೆ ಪುರಾಣದಲ್ಲಿ ಉತ್ತರವಿಲ್ಲ. ಆಫ್ರಿಕಾ ಖಂಡದ ಒಂದು ಮಹಾಸರೋವರದಲ್ಲಿ ಮಾತ್ರ ಆ ಉತ್ತರವು ದೊರೆಯುತ್ತದೆ.

ಆ ಸರೋವರಕ್ಕೆ ಭೂಪಟದಲ್ಲಿ ವಿಕ್ಟೋರಿಯಾ ಎಂದು ಹೆಸರು. 1858ರಲ್ಲಿ ಸ್ಪೀಕ್ ಎಂಬ ಆಂಗ್ಲ ಪ್ರವಾಸಿಯು ಅದರ ದಕ್ಷಿಣದ ದಡದಲ್ಲಿ ನಿಂತು ತನ್ನ ರಾಣಿಯ ಹೆಸರನ್ನು ಅದಕ್ಕೆ ಇಟ್ಟನು. ಆದರೆ ಹೆಸರಿಲ್ಲದ ಕೂಸಾಗಿ ಅದು ಅವನಿಗಾಗಿ ಕಾದು ಕುಳಿತಿರಲಿಲ್ಲ. ಉತ್ತರದ ಗಂಡಾ ಜನರು ಅದನ್ನು ನಲುಬಾಲೆ ಎಂದೂ, ಪೂರ್ವದ ಲೂವೋ ಜನರು ನಾಮ್ ಲೋಲ್ವೆ ಎಂದೂ ಕರೆಯುತ್ತಿದ್ದರು, ಇಂದಿಗೂ ಕರೆಯುತ್ತಾರೆ. ಅದರ ವಿಸ್ತಾರ ಸುಮಾರು 68,800 ಚದರ ಕಿಲೋಮೀಟರು. ಇಡಿಯ ಕರ್ನಾಟಕವನ್ನು ಮೂರು ಪಾಲು ಮಾಡಿದರೆ ಒಂದು ಪಾಲಿಗಿಂತಲೂ ಹೆಚ್ಚಾಗುವುದು. ಸಿಹಿನೀರಿನ ಸರೋವರಗಳಲ್ಲಿ ವಿಸ್ತಾರದಿಂದ ಇದಕ್ಕಿಂತ ದೊಡ್ಡದು ಉತ್ತರ ಅಮೆರಿಕದ ಸುಪೀರಿಯರ್ ಒಂದೇ. ತಾಂಜಾನಿಯಾ, ಉಗಾಂಡಾ, ಕೀನ್ಯಾ ಎಂಬ ಮೂರು ದೇಶಗಳು ಅದರ ದಡವನ್ನು ಹಂಚಿಕೊಂಡಿವೆ. ಹಿರಿಮೆಯು ಹರಹಿನಲ್ಲಿಯೇ ಹೊರತು ಆಳದಲ್ಲಿಲ್ಲ. ಅತ್ಯಂತ ಆಳವಾದ ಕಡೆಯಲ್ಲಿಯೂ ಸುಮಾರು 80 ಮೀಟರಷ್ಟೆ. ಹರಿವಾಣದಲ್ಲಿ ಹರವಿದ ಪಾಯಸದಂತೆ ಅದು ತೆಳುವಾದ ನೀರು. ದೊಡ್ಡದಾಗಿ ಕಾಣುವುದೆಲ್ಲ ಗಟ್ಟಿಯಾದುದಲ್ಲವೆಂಬುದನ್ನು ಇಲ್ಲಿಯೇ ಮನಸ್ಸಿನಲ್ಲಿಡಬೇಕು.

ಕನ್ನಡನಾಡಿನವರಿಗೆ ನೀರೆಂದರೆ ಮೊದಲು ನೆನಪಾಗುವುದು ಕೆರೆ. ಕೆರೆಯನ್ನು ಪೂರ್ವಿಕರು ಕಟ್ಟಿದರು. ಏರಿ ಹಾಕಿದರು, ತೂಬು ಇಟ್ಟರು, ಹೆಚ್ಚಾದ ನೀರು ಹರಿದುಹೋಗಲೆಂದು ಕೋಡಿ ಬಿಟ್ಟರು. ಮನುಷ್ಯನು ಕಟ್ಟಿದುದನ್ನು ಮನುಷ್ಯನೇ ಕೆಡಿಸಿದರೆ ಮತ್ತೆ ಕಟ್ಟಬಹುದೆಂಬ ಒಂದು ಧೈರ್ಯವು ಅಲ್ಲಿ ಉಂಟು. ಮಹಾಸರೋವರದ ಮಾತು ಬೇರೆ. ಅದಕ್ಕೆ ಏರಿ ಕಟ್ಟಿದವರಿಲ್ಲ. ನೆಲವೇ ನಿಧಾನವಾಗಿ ಬಾಗಿ ಬೋಗುಣಿಯಾಯಿತು. ಅದಕ್ಕೆ ಕೋಡಿಯೊಂದೇ: ಉತ್ತರದಲ್ಲಿ ಜಿಂಜಾ ಎಂಬ ಊರಿನ ಬಳಿ ಬಂಡೆಯ ಹೊಸ್ತಿಲನ್ನು ದಾಟಿ ನೀರು ಹೊರಬಿದ್ದು ನೈಲ್ ನದಿಯಾಗುತ್ತದೆ. ಅಲ್ಲಿಂದ ಹೊರಟ ನೀರು ಸಾವಿರಾರು ಮೈಲಿ ನಡೆದು ಮಿಸರ ದೇಶದ ಹೊಲಗಳನ್ನು ಮುಟ್ಟುವುದು. ಬರುವ ನೀರಿನಲ್ಲಿ ನೂರಕ್ಕೆ ಸುಮಾರು ಎಂಬತ್ತು ಪಾಲು ನದಿಗಳದ್ದಲ್ಲ. ಸರೋವರದ ಮೇಲೆಯೇ ನೇರವಾಗಿ ಬೀಳುವ ಮಳೆ. ಹೋಗುವುದರಲ್ಲಿಯೂ ಅಷ್ಟೇ ದೊಡ್ಡ ಪಾಲು ಬಿಸಿಲಿಗೆ ಆವಿಯಾಗಿ ಮೇಲೇರುತ್ತದೆ. ಆಕಾಶದೊಡನೆ ನಡೆಯುವ ಈ ಕೊಡುಕೊಳ್ಳುವಿಕೆಯೇ ಅದರ ಬಾಳು.

ಸುಮಾರು 15,000 ವರ್ಷಗಳ ಹಿಂದೆ ಈ ಸರೋವರವು ಬತ್ತಿಹೋಗಿದ್ದಿತೆಂದು ತಳದ ಕೆಸರನ್ನು ಕೊರೆದು ನೋಡಿದವರು ತಿಳಿಸುತ್ತಾರೆ. ಮಳೆ ಮರಳಿ ಬಂದು ಬೋಗುಣಿ ತುಂಬಿದಮೇಲೆ, ಬೆರಳುದ್ದದಿಂದ ಗೇಣುದ್ದದವರೆಗಿನ ಒಂದು ಮೀನಿನ ವಂಶವು ಅಲ್ಲಿ ಕವಲೊಡೆಯತೊಡಗಿತು. ಶಾಸ್ತ್ರಜ್ಞರು ಅದನ್ನು ಸಿಕ್ಲಿಡ್ ಕುಲವೆಂದು ಕರೆಯುವರು. ತಾಂಜಾನಿಯಾದ ಸುಕುಮಾ ಜನರ ಬಾಯಲ್ಲಿ ಅವು ಫುರು. ಪಾಚಿಯನ್ನು ಕೆರೆದು ತಿನ್ನುವ ಫುರು ಒಂದಾದರೆ, ಬಸವನಹುಳುವಿನ ಚಿಪ್ಪನ್ನು ಒಡೆದು ತಿನ್ನುವುದು ಇನ್ನೊಂದು; ಹುಳು ಹಿಡಿಯುವುದೊಂದು, ಬೇರೆ ಮೀನಿನ ಮರಿಗಳನ್ನು ಕದಿಯುವುದೊಂದು. ಹೀಗೆ ಕಸುಬಿಗೊಂದು ಜಾತಿಯಾಗಿ 500ಕ್ಕೂ ಮಿಕ್ಕ ಜಾತಿಗಳು ಹುಟ್ಟಿದುವು. ಭೂಮಿಯ ವಯಸ್ಸಿನ ಲೆಕ್ಕದಲ್ಲಿ 15,000 ವರ್ಷವೆಂದರೆ ರೆಪ್ಪೆ ಬಡಿಯುವಷ್ಟು ಹೊತ್ತು. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಇಷ್ಟು ಬೇಗ ಇಷ್ಟು ಬಗೆಯಾದುದು ಬಹಳ ಅಪೂರ್ವ. ಇವುಗಳಲ್ಲಿ ಅನೇಕ ತಾಯಂದಿರು ಮೊಟ್ಟೆಯನ್ನೂ ಮರಿಯನ್ನೂ ಬಾಯೊಳಗೇ ಇಟ್ಟುಕೊಂಡು ಕಾಪಾಡುತ್ತವೆ. ಮನುವಿನ ಬೊಗಸೆಯನ್ನು ಈ ಮೀನುಗಳು ತಮ್ಮ ಬಾಯಲ್ಲಿಯೇ ಮಾಡಿಕೊಂಡಿವೆ.

ದಡದ ಜನರಿಗೆ ಫುರುವಿಗಿಂತ ಅಚ್ಚುಮೆಚ್ಚಾದುದು ಎಂಗೇಗೆ ಎಂಬ ಮೀನು. ಅದು ಅಗಲವಾದ ಮೈಯ, ರುಚಿಯಾದ ಮಾಂಸದ ತಿಲಾಪಿಯಾ ಬಗೆ. ಅದನ್ನು ಅವರು ಜೊಂಡಿನ ಬುಟ್ಟಿಗಳಿಂದ, ಕೂಳಿಗಳಿಂದ, ದಡದಂಚಿನ ತಡಿಕೆಗಳಿಂದ ಹಿಡಿಯುತ್ತಿದ್ದರು. 1901ರಲ್ಲಿ ಮೊಂಬಾಸಾದಿಂದ ಹೊರಟ ರೈಲುಹಾದಿಯು ಸರೋವರದ ದಡದ ಕಿಸುಮುವನ್ನು ಮುಟ್ಟಿತು. ಆ ಹಾದಿಯನ್ನು ಹಾಸಿದ ಕೂಲಿಗಳಲ್ಲಿ ಬಹುಮಂದಿ ಹಿಂದೂಸ್ಥಾನದಿಂದ ಹೋದವರು. ರೈಲು ಬಂದಮೇಲೆ ಪೇಟೆ ಬಂದಿತು. ಪೇಟೆ ಬಂದಮೇಲೆ ಹಸಿವಿನ ಅಳತೆ ಬದಲಾಯಿತು. 1905ರಲ್ಲಿ ಐರೋಪ್ಯ ಬಗೆಯ ಕಿವಿರುಬಲೆಯು ಅಲ್ಲಿಗೆ ಕಾಲಿಟ್ಟಿತು. ಮನೆಯ ಊಟಕ್ಕೆ ಹಿಡಿಯುವ ಕೈಗೆ ಸಾಕೆಂಬುದು ತಿಳಿದಿತ್ತು. ಪೇಟೆಗೆ ಹಿಡಿಯುವ ಬಲೆಗೆ ಅದು ತಿಳಿಯದು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಒಂದೊಂದು ಬಲೆಗೆ ಬೀಳುವ ಎಂಗೇಗೆಯ ಸಂಖ್ಯೆಯು ಕುಸಿಯಿತು.

ಸರಕಾರವು ಮೈಕೇಲ್ ಗ್ರಹಾಂ ಎಂಬ ಮತ್ಸ್ಯಶಾಸ್ತ್ರಜ್ಞನನ್ನು ಕರೆಸಿ 1927-28ರಲ್ಲಿ ಸರೋವರವನ್ನು ಪರೀಕ್ಷೆಮಾಡಿಸಿತು. ಅವನ ವರದಿ 1929ರಲ್ಲಿ ಅಚ್ಚಾಯಿತು. ಬಲೆಯ ಕಣ್ಣು 5 ಅಂಗುಲಕ್ಕೆ ಕಡಮೆಯಾಗಿರಬಾರದೆಂಬುದು ಅವನ ಒಂದು ಸಲಹೆ. ಬೇರೆಡೆಯಿಂದ ದೊಡ್ಡದೊಂದು ಹಿಂಸ್ರ ಮೀನನ್ನು ತಂದು ಬಿಡುವುದಾದರೆ, ಮೊದಲು ಆಳವಾಗಿ ಪರಿಶೀಲಿಸದೆ ಆ ಕೆಲಸಕ್ಕೆ ಕೈಹಾಕುವುದು ಅತ್ಯಂತ ಅಪಾಯಕರವೆಂಬುದು ಇನ್ನೊಂದು. ಎರಡು ಸಲಹೆಗಳಿಗೂ ಒಂದೇ ಗತಿಯಾಯಿತು. ಬಲೆಯ ಕಣ್ಣಿನ ಕಟ್ಟಳೆಯು ಕೆಲವು ಕಾಲ ನಡೆದು 1950ರ ದಶಕದಲ್ಲಿ ಸಡಿಲವಾಯಿತು. ದೊಡ್ಡ ಮೀನಿನ ವಿಷಯದಲ್ಲಿ ಎಚ್ಚರಿಕೆಯ ಮಾತು ಕಪಾಟಿನಲ್ಲಿ ಉಳಿಯಿತು.

ಆ ದೊಡ್ಡ ಮೀನಿನ ಹೆಸರು ನೈಲ್ ಪರ್ಚ್. ಆಳುದ್ದವನ್ನು ಮೀರಿ ಬೆಳೆಯಬಲ್ಲದು. ತೂಕದಲ್ಲಿ ಇಬ್ಬರು ಆಳುಗಳಿಗೆ ಸರಿದೂಗಬಲ್ಲದು. ಆಲ್ಬರ್ಟ್ ಸರೋವರವು ಅದರ ತವರು. ಜಲಪಾತಗಳ ಅಡ್ಡಿಯಿಂದ ಅದು ಮೇಲಣ ಮಹಾಸರೋವರಕ್ಕೆ ಏರಿ ಬಂದಿರಲಿಲ್ಲ. ಮುಳ್ಳು ತುಂಬಿದ ಸಣ್ಣ ಫುರುಗಳು ಕೆಲಸಕ್ಕೆ ಬಾರದ ಕಸವೆಂದೂ, ಅವನ್ನು ತಿಂದು ಬೆಳೆಯುವ ದೊಡ್ಡ ಮೀನೊಂದಿದ್ದರೆ ಕಸವು ರಸವಾಗುವುದೆಂದೂ ಕೆಲವು ಅಧಿಕಾರಿಗಳು ಎಣಿಸಿದರು. ಶಾಸ್ತ್ರಜ್ಞರಲ್ಲಿ ಹಲವರು ಬೇಡವೆಂದರು. ಜೆಫ್ರಿ ಫ್ರಾಯರ್ ಎಂಬವನು 1960ರಲ್ಲಿ ಅಚ್ಚುಹಾಕಿಸಿಯೇ ಎಚ್ಚರಿಸಿದನು. ಆದರೆ ವಾದವು ನಡೆಯುತ್ತಿರುವಾಗಲೇ, 1950ರ ದಶಕದಲ್ಲಿಯೇ, ಮೀನು ಗುಟ್ಟಾಗಿ ನೀರು ಸೇರಿದ್ದಿತು. ಹೇಗೂ ಸೇರಿಯಾಯಿತೆಂಬ ನೆವದಿಂದ 1962-63ರಲ್ಲಿ ಬಹಿರಂಗವಾಗಿಯೇ ಇನ್ನಷ್ಟನ್ನು ಬಿಟ್ಟರು. ಹಿಂದಿನ ಅರ್ಥಶಾಸ್ತ್ರಕಾರರು ಮತ್ಸ್ಯನ್ಯಾಯವೆಂಬ ಮಾತನ್ನು ಆಡಿದ್ದಾರೆ: ರಾಜದಂಡವಿಲ್ಲದ ಕಡೆಯಲ್ಲಿ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವಂತೆ ಬಲ್ಲಿದನು ಬಡವನನ್ನು ನುಂಗುವನೆಂದು ಅದರ ತಾತ್ಪರ್ಯ. ದಂಡ ಹಿಡಿದವನೇ ದೊಡ್ಡ ಮೀನನ್ನು ತಂದು ಬಿಡುವನೆಂಬುದನ್ನು ಅವರು ಊಹಿಸಿರಲಾರರು.

ಇಪ್ಪತ್ತು ವರ್ಷ ಏನೂ ಆಗಲಿಲ್ಲವೆಂಬಂತೆ ಕಂಡಿತು. 1970ರ ಸುಮಾರಿನಲ್ಲಿಯೂ ಸರೋವರದ ಮೀನಿನ ಒಟ್ಟು ತೂಕದಲ್ಲಿ ನೂರಕ್ಕೆ ಎಂಬತ್ತು ಪಾಲು ಫುರುಗಳದ್ದೇ. ಬಿಟ್ಟವರು ನಕ್ಕಿರಬಹುದು, ಬೇಡವೆಂದವರು ತಮ್ಮ ಲೆಕ್ಕವನ್ನೇ ಸಂದೇಹಿಸಿರಬಹುದು. ನೀರಿನ ಲೆಕ್ಕವು ಮನುಷ್ಯರ ಆಯವ್ಯಯದಂತೆ ವರ್ಷವರ್ಷಕ್ಕೆ ಮುಗಿಯುವುದಲ್ಲ. 1980ರ ದಶಕ ಬಂದೊಡನೆ ಪರ್ಚ್ ಮೀನು ಒಮ್ಮೆಗೇ ಉಕ್ಕಿ ಬೆಳೆಯಿತು. ಕೆಲವೇ ವರ್ಷಗಳಲ್ಲಿ ತೆರೆದ ನೀರಿನ ಫುರುಗಳು ಬಲೆಗೆ ಬೀಳುವುದೇ ನಿಂತುಹೋಯಿತು. ಸುಮಾರು 200 ಜಾತಿಗಳು ಇಲ್ಲವಾದುವೆಂದು ಅಂದಾಜು. ಅವುಗಳಲ್ಲಿ ಎಷ್ಟಕ್ಕೋ ಶಾಸ್ತ್ರದಲ್ಲಿ ಇನ್ನೂ ಹೆಸರಿಟ್ಟಿರಲಿಲ್ಲ. ಹೆಸರಿಡುವ ಮೊದಲೇ ತೀರಿಕೊಂಡ ಕೂಸಿಗೆ ಶ್ರಾದ್ಧ ಮಾಡುವವರು ಯಾರು?

ಇಷ್ಟಕ್ಕೇ ನಿಲ್ಲಿಸಿ ಪರ್ಚ್ ತಂದವರನ್ನು ದೂರಿ ಮುಗಿಸುವುದು ಸುಲಭ; ನ್ಯಾಯವಲ್ಲ. 1970ರ ದಶಕದಲ್ಲಿ ವರ್ಷಕ್ಕೆ ಸುಮಾರು 1,00,000 ಟನ್ ಇದ್ದ ಮೀನುಗಾರಿಕೆಯು 1990ರ ಹೊತ್ತಿಗೆ 5,00,000 ಟನ್ನಿನ ಆಚೆಗೆ ಹೋಯಿತು. ದೋಣಿ ಕಟ್ಟುವವನಿಗೆ ಕೆಲಸ ಸಿಕ್ಕಿತು; ಹಳ್ಳಿಯಲ್ಲಿ ತಗಡಿನ ಮಾಡು ಬಂದಿತು; ಮಕ್ಕಳು ಶಾಲೆಗೆ ಹೋದರು. ದಡದಲ್ಲಿ ಕಾರ್ಖಾನೆಗಳೆದ್ದು, ಮುಳ್ಳು ತೆಗೆದ ಮಾಂಸವು ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಯೂರೋಪಿಗೆ ಹಾರಿತು. ಆದರೆ ಮಾಂಸವು ಹಾರಿಹೋದಮೇಲೆ ದಡದಲ್ಲಿ ಉಳಿದುದೇನು? ತಲೆ, ಬಾಲ, ಬೆನ್ನುಮೂಳೆ. ಕೀನ್ಯಾದಲ್ಲಿ ಆ ಮೂಳೆಗೂಡಿಗೆ ಒಂದು ಹೆಸರುಂಟು: ಮ್ಗೊಂಗೊ ವಾಜಿ. ತೆರೆದ ಬೆನ್ನು ಎಂದು ಅದರ ಅರ್ಥ. ಅದನ್ನೇ ಬಡವರು ಕೊಂಡು ಬೇಯಿಸಿದರು. ಮೊದಲು ಸಣ್ಣ ಮೀನನ್ನು ಬಿಸಿಲಿಗೆ ಹರವಿ ಒಣಗಿಸಿ ಸಂತೆಗೊಯ್ಯುತ್ತಿದ್ದ ಹೆಂಗಸರ ವ್ಯಾಪಾರವು ಅವರ ಕೈಬಿಟ್ಟಿತು. ಪರ್ಚ್ ಮೀನಿನ ಮೈಯಲ್ಲಿ ಕೊಬ್ಬು ಹೆಚ್ಚು, ಬಿಸಿಲಿಗೆ ಒಣಗದು, ಹೊಗೆ ಹಾಕಬೇಕು. ಹೊಗೆಗೆ ಸೌದೆ ಬೇಕು. ಸೌದೆಗೆ ದಡದ ಮರ ಉರುಳಬೇಕು. ಮರ ಉರುಳಿದ ನೆಲದ ಮಣ್ಣು ಮಳೆಯೊಡನೆ ಇಳಿದು ಸರೋವರವನ್ನೇ ಸೇರುವುದು. ಒಂದು ಮೀನನ್ನು ಬಿಟ್ಟವರು ಒಂದು ಮೀನನ್ನಷ್ಟೇ ಬಿಟ್ಟಿರಲಿಲ್ಲ.

ಮಣ್ಣಿನ ಕಥೆಯು ಮೀನಿನ ಕಥೆಗಿಂತ ಹಳೆಯದು. ರೈಲುಹಾದಿಯೊಡನೆಯೇ ಕಾಡು ಕಡಿದು ತೋಟವಾಯಿತು, ಹೊಲವಾಯಿತು. ಒಂದು ಕಾಲಕ್ಕೆ ಹಳ್ಳಿಗಳಿದ್ದ ಸರೋವರದ ಸುತ್ತ ಈಗ ಕಂಪಾಲಾ, ಕಿಸುಮು, ಮ್ವಾಂಜಾ ಮೊದಲಾದ ಪಟ್ಟಣಗಳಿವೆ. ಅದರ ಜಲಾನಯನದಲ್ಲಿ 4 ಕೋಟಿಯಷ್ಟು ಜನರಿದ್ದಾರೆ. ಊರಿನ ಕೊಚ್ಚೆ, ಹೊಲದ ಗೊಬ್ಬರ, ಕಾಡು ಸುಟ್ಟ ಹೊಗೆ, ದನ ಮೇದು ಬೋಳಾದ ನೆಲದ ಧೂಳು, ಎಲ್ಲವೂ ಅಲ್ಲಿಗೇ ಬರುತ್ತವೆ. ಆಕಾಶದಿಂದ ನೀರು ಪಡೆಯುವ ಸರೋವರವು ಆಕಾಶದಿಂದಲೇ ಬೂದಿಯನ್ನೂ ಧೂಳನ್ನೂ ಪಡೆಯುವುದು. ದಡದ ಜೊಂಡು ಒಂದು ಜರಡಿಯಂತಿದ್ದು ಕೊಳೆಯನ್ನು ತಡೆಯುತ್ತಿದ್ದಿತು. ಅದನ್ನೂ ಅನೇಕ ಕಡೆ ಕೊಯ್ದು ಗದ್ದೆಮಾಡಿದರು. ಗೊಬ್ಬರವು ಹೆಚ್ಚಾದ ನೀರಿನಲ್ಲಿ ಪಾಚಿಯು ಹೆಚ್ಚಿತು. ಪಾಚಿ ಸತ್ತು ತಳಕ್ಕಿಳಿದು ಕೊಳೆಯುವಾಗ ಅಲ್ಲಿನ ಪ್ರಾಣವಾಯುವನ್ನೆಲ್ಲ ಹೀರಿಬಿಡುವುದು. ಆದುದರಿಂದ ವರ್ಷದ ಕೆಲವು ತಿಂಗಳು ಸರೋವರದ ಆಳದ ಪದರದಲ್ಲಿ ಮೀನು ಉಸಿರಾಡುವಂತಿಲ್ಲ.

ಕೆಲವು ಫುರುಗಳನ್ನು ಪರ್ಚ್ ನುಂಗಲಿಲ್ಲ. ಆದರೂ ಅವು ಇಲ್ಲವಾದುವು. ಹೇಗೆಂಬುದನ್ನು ಓಲೆ ಸೀಹೌಸೆನ್ ಎಂಬ ವಿದ್ವಾಂಸನೂ ಅವನ ಜೊತೆಗಾರರೂ 1997ರಲ್ಲಿ ತೋರಿಸಿಕೊಟ್ಟರು. ಹತ್ತಿರದ ನಂಟಿನ ಎರಡು ಜಾತಿಗಳಲ್ಲಿ ಒಂದರ ಗಂಡು ಕೆಂಪು, ಇನ್ನೊಂದರ ಗಂಡು ನೀಲಿ. ಹೆಣ್ಣು ಬಣ್ಣವನ್ನು ನೋಡಿ ತನ್ನ ಜಾತಿಯವನನ್ನು ವರಿಸುವುದು. ನೀರು ತಿಳಿಯಾಗಿರುವವರೆಗೆ ಈ ಸ್ವಯಂವರದಲ್ಲಿ ತಪ್ಪಾಗದು. ಪಾಚಿಯಿಂದಲೂ ಕೆಸರಿನಿಂದಲೂ ನೀರು ಕದಡಿದಾಗ ಕೆಂಪು ಯಾವುದು ನೀಲಿ ಯಾವುದು ಎಂದು ಕಾಣದೆ ಹೆಣ್ಣುಗಳು ಕೈಗೆ ಸಿಕ್ಕ ಕೊರಳಿಗೆ ಮಾಲೆ ಹಾಕುತ್ತವೆ. ಕ್ರಮೇಣ ಎರಡು ಜಾತಿಗಳು ಬೆರೆತು ಒಂದಾಗುತ್ತವೆ, ಬಣ್ಣವೂ ಮಾಸುತ್ತದೆ. ಯಾರೂ ಯಾರನ್ನೂ ಕೊಲ್ಲಲಿಲ್ಲ. ಬೆಳಕು ಹೋಯಿತು, ಅಷ್ಟೆ. ಹಾಳಾಗುವುದಕ್ಕೆ ವೈರಿಯೇ ಬೇಕೆಂದಿಲ್ಲ.

1990ರ ಸುಮಾರಿಗೆ ದಕ್ಷಿಣ ಅಮೆರಿಕದ ಮೂಲದ ತೇಲುಕಳೆಯೊಂದು ಸರೋವರವನ್ನು ಹೊಕ್ಕಿತು. ನೇರಿಳೆ ಬಣ್ಣದ ಅದರ ಹೂವು ಚೆಲುವಾದುದು. ಚೆಲುವಿಗೆ ಮರುಳಾಗಿಯೇ ಲೋಕದ ತೋಟಗಾರರು ಅದನ್ನು ಊರೂರಿಗೆ ಒಯ್ದರು. ಬೆಂಗಳೂರಿನ ಸುತ್ತಣ ಕೆರೆಗಳನ್ನು ಮುಚ್ಚಿ ಕನ್ನಡಿಗರನ್ನು ಕಾಡಿದ ಕಳೆಯೂ ಇದೇ. ಗೊಬ್ಬರ ತುಂಬಿದ ನೀರು ಅದಕ್ಕೆ ಹಬ್ಬದ ಊಟ. 1998ರ ಹೊತ್ತಿಗೆ ಕಿಸುಮುವಿನ ಕೊಲ್ಲಿಯಲ್ಲಿ ದೋಣಿ ಹೊರಡುವಂತಿರಲಿಲ್ಲ. ಅದರ ತವರಿನಲ್ಲಿ ಅದನ್ನು ತಿಂದು ಹತೋಟಿಯಲ್ಲಿಡುವ ಒಂದು ಮೂತಿಹುಳುವುಂಟು. 1980ರ ದಶಕದಲ್ಲಿ ಬೆಂಗಳೂರಿನ ಕೆಲವು ಕೆರೆಗಳಲ್ಲಿ ಆ ಹುಳುವನ್ನು ಬಿಟ್ಟು ಕಳೆಯನ್ನು ಅಡಗಿಸಿದ್ದರು. 1995ರಿಂದೀಚೆಗೆ ಮಹಾಸರೋವರದಲ್ಲಿಯೂ ಅದನ್ನೇ ಬಿಟ್ಟರು. ಹುಳುವಿನ ಹಲ್ಲಿಗೆ ಗಾಳಿಮಳೆಯ ಬಲವೂ ಕೂಡಿ ಎರಡು ಮೂರು ವರ್ಷಗಳಲ್ಲಿ ಕಳೆಯು ಬಹುಮಟ್ಟಿಗೆ ಇಳಿಯಿತು. ಆದರೆ ಗೊಬ್ಬರದ ಹರಿವು ನಿಲ್ಲದಿರುವುದರಿಂದ ಆಗಾಗ ಮರಳಿ ತಲೆಯೆತ್ತುತ್ತದೆ. ಇಲ್ಲೊಂದು ಗಮನಿಸತಕ್ಕ ಮಾತುಂಟು. ಹೊರಗಿನಿಂದ ತಂದು ಬಿಟ್ಟದ್ದೆಲ್ಲ ಕೇಡಲ್ಲ. ಹುಳುವು ಆ ಕಳೆಯನ್ನಲ್ಲದೆ ಬೇರೆಯದನ್ನು ಮುಟ್ಟದೆಂದು ಮೊದಲು ಪರೀಕ್ಷಿಸಿ ಬಿಟ್ಟರು. ಪರ್ಚ್ ಮೀನಿಗೂ ಮೂತಿಹುಳುವಿಗೂ ಇರುವ ಅಂತರವು ಆ ಪರೀಕ್ಷೆಯಲ್ಲಿದೆ.

ಇನ್ನು ಕೋಡಿಯ ಮಾತು. 1954ರಲ್ಲಿ ಜಿಂಜಾದ ಬಳಿ ಅಣೆಕಟ್ಟು ಮುಗಿದು ಸರೋವರದ ಬಂಡೆಹೊಸ್ತಿಲು ಮುಳುಗಿತು. ಕೋಡಿ ಹೋಗಿ ತೂಬು ಬಂದಿತು. ಆದರೂ ಕೆಳಗಿನ ದೇಶಗಳಿಗೆ ಅನ್ಯಾಯವಾಗದಂತೆ, ಕೋಡಿಯಿದ್ದಿದ್ದರೆ ಎಷ್ಟು ನೀರು ಹರಿಯುತ್ತಿದ್ದಿತೋ ಅಷ್ಟನ್ನೇ ಬಿಡತಕ್ಕದ್ದೆಂದು ಒಪ್ಪಂದವಾಯಿತು. ಮನುಷ್ಯನು ಬಂಡೆಗೆ ಮಾತು ಕೊಟ್ಟಂತೆ ಅದು. ಬಹುಕಾಲ ಆ ಮಾತು ನಡೆಯಿತು. 2000ದಲ್ಲಿ ಪಕ್ಕದಲ್ಲಿಯೇ ಎರಡನೆಯ ವಿದ್ಯುದಾಗಾರವು ಕೆಲಸಮಾಡತೊಡಗಿತು. ಮುಂದಿನ ವರ್ಷಗಳಲ್ಲಿ ಮಳೆ ಕಡಮೆಯಾದಾಗ, ದೀಪದ ಆಸೆಗೆ ಒಪ್ಪಂದಕ್ಕಿಂತ ಹೆಚ್ಚು ನೀರನ್ನು ಬಿಟ್ಟರು. ಬರವೂ ತೂಬೂ ಸೇರಿ, 2003ರಿಂದ 2006ರೊಳಗೆ ಸರೋವರವು ಒಂದು ಮೀಟರಿಗೂ ಮಿಕ್ಕು ಇಳಿಯಿತು. ದೋಣಿಗಟ್ಟೆಗಳು ಒಣನೆಲದ ಮೇಲೆ ನಿಂತುವು. ಬಳಿಕ 2020ರಲ್ಲಿ ಮಳೆ ಸುರಿದು, ಅದುವರೆಗಿನ ದಾಖಲೆಯಲ್ಲೆಲ್ಲ ಅತ್ಯಂತ ಮೇಲಕ್ಕೆ ನೀರು ಏರಿತು. ದಡದ ಜನರು ಮನೆ ಬಿಟ್ಟು ಓಡಿದರು. ಕೀಲಿಕೈ ಕೈಯಲ್ಲಿರುವುದರಿಂದ ನೀರು ತನ್ನದಾಯಿತೆಂದು ಯಾರೂ ತಿಳಿಯಬಾರದು.

ಎಲ್ಲವೂ ಮುಗಿಯಿತೆಂದು ಹೇಳುವಂತೆಯೂ ಇಲ್ಲ. ಪರ್ಚ್ ಮೀನನ್ನೇ ಜನರು ಮಿತಿಮೀರಿ ಹಿಡಿದುದರಿಂದ ಅದು ತಗ್ಗಿ, 1990ರ ದಶಕದಲ್ಲಿ ಕೆಲವು ಫುರುಗಳು ಮತ್ತೆ ಕಾಣಿಸಿಕೊಂಡುವು. ಅವುಗಳಲ್ಲಿ ಒಂದು ಜಾತಿಯ ಕಿವಿರು ಮೊದಲಿಗಿಂತ ಹಿರಿದಾಗಿರುವುದನ್ನು ಅಳೆದು ನೋಡಿದ್ದಾರೆ. ಉಸಿರು ಕಡಮೆಯಾದ ನೀರಿಗೆ ಅದು ಹೀಗೆ ಹೊಂದಿಕೊಂಡಿತು. ಮಹಾಸರೋವರದಲ್ಲಿ ಹೆಚ್ಚುಕಡಮೆ ಇಲ್ಲವಾದ ಎಂಗೇಗೆಯು, ಜೊಂಡಿನ ಕಾಡಿನಿಂದ ಬೇರ್ಪಟ್ಟ ಕನ್ಯಾಬೋಲಿ ಎಂಬ ಸಣ್ಣ ಸರೋವರದಲ್ಲಿ ಉಳಿದುಕೊಂಡಿದೆ. ದೊಡ್ಡಮನೆ ಬಿದ್ದಮೇಲೆ ಬೀಜದ ಭತ್ತವು ಆಳಿನ ಗುಡಿಸಲಿನಲ್ಲಿ ಸಿಕ್ಕಂತೆ. ಮೂರು ದೇಶಗಳೂ ಕೂಡಿ 1994ರಲ್ಲಿ ಮೀನುಗಾರಿಕೆಗೆ ಒಂದು ಸಮಾನ ಸಂಸ್ಥೆಯನ್ನು ಸ್ಥಾಪಿಸಿವೆ. ಅದರ ಕಚೇರಿಯೂ ಜಿಂಜಾದಲ್ಲಿಯೇ ಇದೆ.

ಕಿಸುಮುವಿನ ದಡದಲ್ಲಿ ಒಬ್ಬ ಅಜ್ಜಿಯು ಮೊಮ್ಮಗನೊಡನೆ ಕುಳಿತಿರುವಳೆಂದು ಊಹಿಸಿಕೊಳ್ಳಬಹುದು. ಅವಳ ಬಾಲ್ಯದಲ್ಲಿ ಮನೆಗೆ ಎಂಗೇಗೆ ಬರುತ್ತಿದ್ದಿತು. ಮೊಮ್ಮಗನಿಗೆ ಗೊತ್ತಿರುವುದು ಪರ್ಚ್ ಒಂದೇ. ಅವನ ಶಾಲೆಯ ಸಂಬಳವನ್ನು ಕಟ್ಟಿದುದೂ ಅದೇ. ಅದು ಹೊರಗಿನಿಂದ ಬಂದುದೆಂದರೆ ಅವನು ನಂಬಲಾರನು. ಅಜ್ಜಿಯು ಕಳೆದುದಕ್ಕಾಗಿ ಅಳುವಳೋ, ಬಂದುದಕ್ಕಾಗಿ ನಮಸ್ಕರಿಸುವಳೋ? ಎರಡನ್ನೂ ಮಾಡುವಳು. ಹಾಗೆ ಎರಡನ್ನೂ ಮಾಡಬೇಕಾಗಿ ಬಂದಿರುವುದೇ ಆ ದಡದ ದುಃಖ. ಅವನು ನೀರಿಗಿಳಿದು ಬೊಗಸೆಯೊಡ್ಡಿದರೆ ಇಂದಿಗೂ ಒಂದು ಮರಿಮೀನು ಬಂದು ಸೇರಬಹುದು. ಅದು ಏನನ್ನು ಬೇಡುವುದೆಂಬುದು ಮನುವಿನ ಕಾಲದಿಂದ ಎಲ್ಲರಿಗೂ ತಿಳಿದಿದೆ.